ನಿಂತದ

ನಮ್ಮ ಮನೆಯಲ್ಲಿ ನೈವೇದ್ಯದ ಅಡುಗೆ ಮಡಿಯಲ್ಲೇ ಆಗಬೇಕು. ಸ್ನಾನ ಮಾಡಿ, ಮಡಿಸೀರೆ ಉಟ್ಟು ಒಲೆಯ ಮುಂದೆ ನಿಂತರೆ, ದೇವರ ಮುಂದೆ ಎಲೆ ಇಡುವ ತನಕ ಬಚ್ಚಲ ಕಡೆ ಹೋಗುವಂತಿಲ್ಲ. ಹೋದರೆ ಮತ್ತೆ ಸ್ನಾನ, ಮತ್ತೊಂದು ಸೀರೆ. ನನಗೋ ಮೂತ್ರ ತಡೆಯಲಾಗದ ತ್ರಾಸು. ಬೇಳೆ ಬೇಯುವಷ್ಟರಲ್ಲಿ ಓಡಬೇಕು. ಕೆಲವೊಮ್ಮೆ ಬಾಗಿಲು ಮುಟ್ಟುವ ಮೊದಲೇ ಸೀರೆ ಒದ್ದೆ. ಈ ಪುಣೆಯಲ್ಲಿ ಹಡಪಸರದಿಂದ ಸ್ವಾರಗೇಟಿಗೆ ಬಸ್ಸಿನಲ್ಲಿ ಹೋಗುವುದನ್ನು ಬಿಟ್ಟೇಬಿಟ್ಟಿದ್ದೆ. ಅದು ಹೋದರೆ ಹೋಗಲಿ, ನೈವೇದ್ಯ ಕೈಬಿಟ್ಟು ಹೋಗುತ್ತದಲ್ಲ ಎಂಬುದೇ ಸಂಕಟ. ಒಂದು ದ್ವಾದಶಿ ಮತ್ತೆ ಮಿಂದು ನಡುಗುತ್ತ ಬಂದಾಗ, ಹಿಂದಿನ ದಿನದ ಉಪವಾಸದಲ್ಲಿದ್ದ ಅತ್ತೆ ಕೂತಲ್ಲಿಂದಲೇ ಅಂದರು, "ಇನ್ನ ಸ್ವಲ್ಪ ತಡಾ ಮಾಡು, ದೇವರು ತಾನ ಎದ್ದು ಬಂದು ಬಡಿಸಿಕೊಂಡು ಉಣತಾನ."

ಮಾತ್ರೆಗಳು ಬಾಯಿ ಒಣಗಿಸಿದವು, ಅಷ್ಟೇ. ಕೊನೆಗೆ ಡಾಕ್ಟರು ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್ ಕೊಡೋಣ ಎಂದರು. ಮುಖದ ಸುಕ್ಕಿಗೆ ಚುಚ್ಚಿಸಿಕೊಳ್ಳುವ ಔಷಧವೂ ಇದೇ ಎಂದು ಯಜಮಾನರು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. "ಮಾರಿಗೆ ಹಾಕಿಸಿಕೊಂಡಿದ್ರ ನಾಲ್ಕು ಮಂದಿ ನೋಡತಿದ್ರು," ಅಂದರು ಅತ್ತೆ.

ಚುಚ್ಚಿಸಿಕೊಂಡು ಬಂದ ಮೇಲೆ ಉರಿ, ಸ್ವಲ್ಪ ರಕ್ತ. ಅದನ್ನು ಮೊದಲೇ ಹೇಳಿದ್ದರು. ವಾರ ಕಳೆಯಿತು. ಮುಂದಿನ ದ್ವಾದಶಿ ಬೆಳಿಗ್ಗೆ ತೊವ್ವೆ, ಕೋಸಂಬರಿ, ಪಾಯಸ ಎಲ್ಲ ಮುಗಿಸಿ ಮಂಗಳಾರತಿ ಆಗುವ ತನಕ ನಾನು ಒಮ್ಮೆಯೂ ಓಡಲಿಲ್ಲ. ಎಷ್ಟು ವರ್ಷಗಳ ಮೇಲೆ! ಕಣ್ಣು ತುಂಬಿ ಬಂತು. ಯಜಮಾನರಿಗೆ "ನಿಂತದರಿ" ಅಂದೆ. ವಿಚಾರಿಸಲು ಫೋನ್ ಮಾಡಿದ ಆಸ್ಪತ್ರೆಯ ನರ್ಸಿಗೂ ಮರಾಠಿಯಲ್ಲಿ ಅದನ್ನೇ ಹೇಳಿದೆ, "ಥಾಂಬಲಿ." ಅವಳಿಗೂ ಖುಷಿಯಾಯಿತು.

ಎರಡೂ ಭಾಷೆಯಲ್ಲಿ ಆ ಮಾತಿಗೆ ಎರಡು ಅರ್ಥ ಎಂಬುದು ನನಗೆ ಹೊಳೆಯಲಿಲ್ಲ. ಬಚ್ಚಲಿಗೆ ಹೋದರೆ ಹನಿ ಹನಿ. ಉಳಿದದ್ದು ಒಳಗೇ ನಿಂತಿತ್ತು. ಸಂಜೆಗೆ ಕಿಬ್ಬೊಟ್ಟೆ ಕಲ್ಲಾಯಿತು. ಪಾರಣೆಯ ಊಟ ಹೆಚ್ಚಾಯಿತೇನೋ ಎಂದುಕೊಂಡು ಓಮಿನ ನೀರು ಕುಡಿದೆ. ಮರುದಿನ ಚಳಿಜ್ವರ. ರಿಕ್ಷಾದಲ್ಲಿ ಹೋದೆವು. ನಳಿಕೆ ಹಾಕಿ ಮೂತ್ರ ತೆಗೆದರು. ತುಂಬುತ್ತಲೇ ಇದ್ದ ಚೀಲವನ್ನು ಹಿಡಿದುಕೊಂಡು ಅದೇ ನರ್ಸು, ಮಾವಶಿ, ನೀವು ನಿಂತಿತು ಅಂದದ್ದು ಇದನ್ನೇನು ಎಂದು ಕೇಳಿದಳು.

ಔಷಧ ಮೂತ್ರಕೋಶವನ್ನು ಬೇಕಾದ್ದಕ್ಕಿಂತ ಹೆಚ್ಚು ಮಲಗಿಸಿದೆ ಎಂದರು ಡಾಕ್ಟರು. ಅದರ ಬಲ ಇಳಿಯುವ ತನಕ ದಿನಕ್ಕೆ ಹಲವು ಸಲ ನಾನೇ ಸಣ್ಣ ನಳಿಕೆ ಹಾಕಿಕೊಂಡು ಖಾಲಿ ಮಾಡಬೇಕು. ಈ ವಯಸ್ಸಿನಲ್ಲಿ ಕನ್ನಡಿ ಹಿಡಿದು ಅದನ್ನು ಕಲಿತೆ. ಜ್ವರ ಇಳಿಯಿತು, ಅದು ದೇವರ ದಯೆ. ಆದರೆ ನಳಿಕೆ ಹಿಡಿದ ಕೈಯಿಂದ ದೇವರ ಅಡುಗೆ ಮಾಡಬಹುದೇ? ಮಠದ ಆಚಾರ್ಯರನ್ನು ಕೇಳುವ ಮಾತೇ ಇದು? ಎಷ್ಟೋ ದಿನ ಒಲೆಯ ಹತ್ತಿರ ಹೋಗಲಿಲ್ಲ. ಯಜಮಾನರೇ ಒಂದಿಷ್ಟು ಅನ್ನ ಮಾಡಿ ನೈವೇದ್ಯಕ್ಕೆ ಇಡುತ್ತಿದ್ದರು. ಒಮ್ಮೊಮ್ಮೆ ಅದು ಗಂಜಿಯಾಗಿರುತ್ತಿತ್ತು.

ಕೊನೆಗೆ ಅತ್ತೆಯನ್ನೇ ಕೇಳಿದೆ. ಅವರು ಹೂಬತ್ತಿ ಹೊಸೆಯುತ್ತಿದ್ದರು. ಒಮ್ಮೆ ಖಾಲಿ ಮಾಡಿದರೆ ಎಷ್ಟು ಹೊತ್ತು ತಡೆಯುತ್ತದೆ ಎಂದರು. ಅಡುಗೆ, ಪೂಜೆ ಎರಡೂ ಮುಗಿಯುವಷ್ಟು ಎಂದೆ.

"ಹಂಗಾರ ಮೊದಲ ನಳಿಗಿ, ಆಮ್ಯಾಲೆ ಸ್ನಾನ, ಆಮ್ಯಾಲೆ ಮಡಿ. ಇದರಾಗ ಕೇಳೋದೇನದ?" ಬತ್ತಿಯಿಂದ ಕಣ್ಣೆತ್ತದೆ ಅಂದರು, "ಮೊದಲ ಅದು ಕರದಾಗ ನೀ ಓಡತಿದ್ದಿ. ಈಗ ನೀ ಕರದಾಗ ಅದು ಬರತದ."

ಈಗ ಹಾಗೆಯೇ ನಡೆದಿದೆ. ಔಷಧ ಇಳಿದಂತೆ ನಳಿಕೆ ಬೇಕಾಗುವುದಿಲ್ಲವಂತೆ. ಆದರೆ ಮುಂದೆ ಹಳೆಯ ಓಟವೂ ತಿರುಗಿ ಬರಬಹುದಂತೆ. ಬೇಗ ಇಳಿಯಲಿ ಎಂದು ಬೇಡಲೋ, ಇನ್ನಷ್ಟು ದಿನ ಇರಲಿ ಎನ್ನಲೋ ತಿಳಿಯದು. ದೇವರ ಮುಂದೆ ಕೈಮುಗಿದಾಗ ಏನೂ ಕೇಳುವುದಿಲ್ಲ. ಇವತ್ತು ಅನ್ನದ ಬಿಸಿ ಆರುವ ಮೊದಲೇ ಎಲೆ ಇಟ್ಟೆ.