ಮೈಲುತುತ್ತ ಹಚ್ಚಿದ ಅತ್ತೆ

ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಶಲವಡಿಗೆ ಬಂದ ಎರಡನೇ ವರ್ಷ ನನ್ನ ತೊಡೆಸಂದಿಯಲ್ಲಿ ಕೆಂಪು ಮಚ್ಚೆ ಎದ್ದಿತು. ತಿಂಗಳೊಳಗೆ ಗುಪ್ತಾಂಗದವರೆಗೂ ಹಬ್ಬಿತು. ನಡೆದರೆ ಉರಿ, ಬೆವತರೆ ಚರ್ಮ ಬಿರಿದು ರಕ್ತ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಒಂದು ದಿನ ಗಂಡನ ಕಣ್ಣಿಗೆ ಬಿತ್ತು.

"ಯಾರ ಕಡೆಯಿಂದ ತಂದೀಯಬೇ ಈ ಹಲ್ಕಟ್ ರೋಗಾ? ಹೇಳ!"

"ದೇವರಾಣಿ, ನಂಗೇನೂ ಗೊತ್ತಿಲ್ರಿ."

ಕೂದಲು ಹಿಡಿದು ಎತ್ತು ಕಟ್ಟುವ ಜಾಗದವರೆಗೆ ಎಳೆದು, ಬಾರುಕೋಲು ತೆಗೆದುಕೊಂಡು ಬೆನ್ನು, ಮೊಣಕಾಲು ನೋಡದೆ ಬಾರಿಸಿದ.

ಅತ್ತೆ ಅವನನ್ನು ಹೊರಗೆ ದಬ್ಬಿದಳು. "ಗಜಕರ್ಣ ಇದು. ಸುಟ್ರ ಹೋಗ್ತದ" ಎಂದು ಬೆಳೆಗೆ ಸಿಂಪಡಿಸುವ ಮೈಲುತುತ್ತದ ನೀಲಿ ಹರಳು ಅರೆದು ನಿಂಬೆರಸದಲ್ಲಿ ಕಲಸಿ, ನನ್ನೆದೆಗೆ ಮೊಣಕಾಲೂರಿ ಮಚ್ಚೆಯ ಮೇಲೆಲ್ಲ ಹಚ್ಚಿದಳು. ನಾನು ಅವಳ ಕೈ ಕಚ್ಚಿದೆ. ಆದರೂ ಅವಳು ಬಿಡಲಿಲ್ಲ. ಮರುದಿನ ಚರ್ಮ ಸುಲಿದು ಸೀರೆಗೆ ಅಂಟಿತ್ತು. ಉಚ್ಚೆಗೆ ಕೂತವಳು ಚೀರಿ ಬಿದ್ದೆ. ಅದನ್ನು ನೋಡಿ ಅತ್ತೆ ಹೆದರಿದಳು. ನನ್ನನ್ನು ತೋಳಿನಿಂದ ಆನಿಸಿಕೊಂಡು ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿಸಿದಳು.

ಅಲ್ಲಿನ ಡಾಕ್ಟರಮ್ಮ ಗಾಯ ತೊಳೆದ ಮೇಲೆ ನನ್ನ ತಲೆಗೂದಲು ಬಿಡಿಸಿ, ಹೊಕ್ಕುಳು, ಉಗುರು ನೋಡಿದರು. ತಲೆಯಲ್ಲಿ ದಪ್ಪ ಹೊಟ್ಟು, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಕುಳಿಗಳು.

"ಇದು ಸೋರಿಯಾಸಿಸ್. ಯಾರಿಂದಲೂ ಬರೂದಲ್ಲ, ಯಾರಿಗೂ ಹತ್ತೂದಿಲ್ಲ. ಸಂದಿಯೊಳಗ ಪೊರಿ ಏಳೂದಿಲ್ಲ, ಬರೇ ಕೆಂಪಗ ಹೊಳೀತದ. ಅದಕ್ಕ ಗಜಕರ್ಣ ಅಂತ ತಿಳ್ಕೋತಾರ."

"ಹೋಗ್ತದೇನ್ರಿ?" ಅತ್ತೆ ಕೇಳಿದಳು.

"ಕಡಿಮಿ ಆಗ್ತದ, ಮತ್ತ ಬರ್ತದ. ಅಲ್ಲಿ ತೊಗಲು ಭಾಳ ತೆಳು. ಗಾಯ ಮಾಯ್ದ ಮ್ಯಾಲೆ ಈ ಮೆತ್ತನ್ನ ಮುಲಾಮು, ತೆಳ್ಳಗ, ಎರಡ ವಾರ ಅಷ್ಟ. ಬಿರುಸಿನ ಔಷಧ ಹಚ್ಚಬ್ಯಾಡ್ರಿ." ಆಮೇಲೆ ನನ್ನ ಬೆನ್ನ ಮೇಲಿನ ಬಾಸುಂಡೆ ತೋರಿಸಿ, "ಇದು ಯಾರ ಕೊಟ್ಟದ್ದು?" ಎಂದರು. ಅತ್ತೆ ನನ್ನ ಸೆರಗು ಎಳೆದು ಬೆನ್ನು ಮುಚ್ಚಿದಳು.

ಮನೆಗೆ ಬಂದಾಗ ಗಂಡ ಪಡಸಾಲೆಯಲ್ಲಿದ್ದ. "ಸೂಳಿರೋಗ ಅಂದ್ರಿಲ್ಲೋ?" ಎನ್ನುತ್ತ ಕೈ ಎತ್ತಿಕೊಂಡು ಬಂದ. ಅತ್ತೆ ಮೂಲೆಯ ಒನಕೆ ಎತ್ತಿ ಆ ಕೈಗೇ ಬೀಸಿದಳು. ಎಲುಬು ಲಟ್ಟೆಂದದ್ದು ನನಗೆ ಕೇಳಿಸಿತು.

"ಅಕೀದು ಮೈಯಾಗಿನ ಜಡ್ಡು, ನಡತೀದಲ್ಲ! ಇನ್ನೊಮ್ಮಿ ಮುಟ್ಟಿದ್ರ ಇನ್ನೊಂದು ಕೈನೂ ಮುರೀತೀನಿ."

ಎರಡು ತಿಂಗಳು ಅವನ ಕೈಗೆ ಪಟ್ಟಿ. ಅನ್ನ ಕಲಸಿ ಕೊಟ್ಟವಳು ನಾನೇ. ಅವನು ಮತ್ತೆ ಹೊಡೆಯಲಿಲ್ಲ. ಮುಲಾಮಿನಿಂದ ಮಚ್ಚೆ ತಣಿಯಿತು, ಆದರೆ ಪ್ರತಿ ಚಳಿಗಾಲ ಇಣುಕುತ್ತಿತ್ತು. ಅತ್ತೆ ತಪ್ಪಾಯಿತೆಂದು ಎಂದೂ ಹೇಳಲಿಲ್ಲ. ಅವಳು ತೀರಿಕೊಂಡಾಗ ನಾನು ಕಣ್ಣೀರು ಹಾಕಿದ್ದು ನಿಜ. ಆದರೆ ಸುಟ್ಟ ಕಲೆ ನೋಡಿದಾಗಲೆಲ್ಲ ಇವತ್ತಿಗೂ ಹಲ್ಲು ಕಡಿಯುತ್ತೇನೆ.