ಕುರಿ ತುಳಿದ ಅಳತೆ

ಬೆಳಗಿನ ಆರು ಗಂಟೆ. ಯಲ್ಲದಕೆರೆಯಿಂದ ಒಳದಾರಿ ಹಿಡಿದರೆ ಸಿಗುವ ಬಿಳಿಗಲ್ಲಹಟ್ಟಿಯ ಗೋಕಟ್ಟೆಯಲ್ಲಿ ದೇವಿಕಾ ಒಬ್ಬರೇ ಇದ್ದಾರೆ. ಕುರಿ, ದನ ನೀರು ಕುಡಿಯುವ ಈ ಕಟ್ಟೆ ಹೂಳು ತುಂಬಿ ಬಯಲಿನಂತಾಗಿತ್ತು. ಈಗ ಉದ್ಯೋಗ ಖಾತ್ರಿಯಲ್ಲಿ ಅಗೆಯುತ್ತಿದ್ದಾರೆ. ಅಗೆದ ಗುಂಡಿಯ ನಡುವೆ ಮೊಣಕಾಲೆತ್ತರದ ಮಣ್ಣಿನ ಗುಡ್ಡೆಯೊಂದಿದೆ. ದೇವಿಕಾ ಅದರ ಸುತ್ತ ಜಾಲಿಮುಳ್ಳು ಹೊದಿಸುತ್ತಿದ್ದಾರೆ, ಹಸುಗೂಸಿಗೆ ಕುಲಾವಿ ಕಟ್ಟುವಷ್ಟು ಎಚ್ಚರದಿಂದ. ಗುಡ್ಡೆಯ ಮೇಲೆ ಬೆಳೆ ಇಲ್ಲ, ದೇವರಿಲ್ಲ, ಕದ್ದೊಯ್ಯುವಂಥದ್ದು ಏನೂ ಇಲ್ಲ. ಬರೀ ಮಣ್ಣು.

“ಇಂಥವು ಐದು ಅವೆ ಸರ್. ನನ್ನ ಮಕ್ಕಳನ್ನೂ ನಾನು ಹಿಂಗೆ ಕಾದಿಲ್ಲ,” ಎನ್ನುತ್ತಾರೆ. ಬೆರಳಿಗೆ ಚುಚ್ಚಿದ ಮುಳ್ಳನ್ನು ಹಲ್ಲಿನಿಂದ ಕಿತ್ತು ಉಗಿದು, ಮತ್ತೊಂದು ಕೊಂಬೆ ಎಳೆದುಕೊಳ್ಳುತ್ತಾರೆ.

ದೇವಿಕಾಗೆ ಈಗ ಮೂವತ್ತೇಳು. ಹತ್ತನೇ ತರಗತಿ ಓದಿದ್ದಾರೆ. ಒಂಬತ್ತು ವರ್ಷ ಹೆದ್ದಾರಿ ಬದಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿಗಳನ್ನು ತಪಾಸಣೆ ಮಾಡುತ್ತಿದ್ದರು. ಆರ್ಡರ್ ಬರುವುದು ನಿಂತಿತು, ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಅದೇ ಹೊತ್ತಿಗೆ ಚಿತ್ರದುರ್ಗದಲ್ಲಿ ಕಟ್ಟಡದ ಕೆಲಸಗಳು ಅರ್ಧಕ್ಕೆ ನಿಂತವು. ಗಾರೆ ಕೆಲಸಕ್ಕೆ ಹೋಗುತ್ತಿದ್ದ ಅವರ ಗಂಡ ಮಾರುತೇಶ್ ಕೂಡ ಹಟ್ಟಿಗೆ ವಾಪಸಾದರು. ಕುರಿ ಕಾಯುವವರ ಈ ಹಟ್ಟಿಯಲ್ಲಿ ಮನೆಗೊಬ್ಬರಂತೆ ಹೀಗೆ ಬಂದು ಕೂತವರೇ. ಎಲ್ಲರೂ ಕುರಿಯ ಹಿಂದೆ ಹೋಗಲು ಅಷ್ಟು ಕುರಿ ಎಲ್ಲಿವೆ? ಹಾಗಾಗಿ ನಲವತ್ತೊಂದು ಜನ ಗುದ್ದಲಿ, ಬಾಣಲಿ ಹಿಡಿದರು. ಅವರ ಹಾಜರಿ ಹಿಡಿಯಲು ಒಬ್ಬರು ಬೇಕಿತ್ತು. ಸರ್ಕಾರ ಆ ಹುದ್ದೆಗೆ ಕಾಯಕ ಬಂಧು ಎಂದು ಚಂದದ ಹೆಸರಿಟ್ಟಿದೆ. ಹಟ್ಟಿಯವರು ಮೇಟ್ ಎನ್ನುತ್ತಾರೆ. ಫೋನು ಬಲ್ಲವರು, ಓದಿದವರು ಎಂದು ದೇವಿಕಾ ಕೊರಳಿಗೆ ಅದು ಬಿತ್ತು.

ಹಾಜರಿ ಅಂದರೆ ಹೆಸರು ಕೂಗಿ ಟಿಕ್ ಹಾಕುವುದು ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಅಂದುಕೊಂಡಿದ್ದೆ. ಆ ಕಾಲ ಹೋಯಿತು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಅಷ್ಟೂ ಜನರನ್ನು ನಿಲ್ಲಿಸಿ ಆ್ಯಪ್‌ನಲ್ಲಿ ಫೋಟೊ ಹಿಡಿಯಬೇಕು. ಒಂದು ಮುಖ ಮಸುಕಾದರೆ ಅವರು ಆ ದಿನ ದುಡಿದೇ ಇಲ್ಲ. ಜನ ಕಣ್ಣೆದುರಿಗಿದ್ದಾರೆ, ಗುಂಡಿ ಕಾಲ ಕೆಳಗಿದೆ, ಆದರೂ ಫೋನು ‘ನೀವು ಕಾಮಗಾರಿ ಸ್ಥಳದಲ್ಲಿ ಇಲ್ಲ’ ಎನ್ನುತ್ತದೆ. ಕಟ್ಟೆಯ ನಡುವೆ ಹೂತಿರುವ ಬೋಳುಬಂಡೆಯ ಎದುರು ನಿಂತರೆ ಮಾತ್ರ ಅದಕ್ಕೆ ಜ್ಞಾನೋದಯವಾಗುತ್ತದೆ. ಹಾಗಾಗಿ ಪ್ರತಿದಿನ ಎರಡು ಸಲ ಎಲ್ಲರೂ ಬಂಡೆಯ ಪಕ್ಕ ಸಾಲಾಗಿ ನಿಲ್ಲುತ್ತಾರೆ. ಆ್ಯಪ್ ಕೈಕೊಟ್ಟರೆ ಇರಲಿ ಎಂದು ದೇವಿಕಾ ಮಾಮೂಲಿ ಕ್ಯಾಮೆರಾದಲ್ಲೂ ಒಂದು ಹಿಡಿದಿಡುತ್ತಾರೆ. ಆಮೇಲೆ ಸಿಗ್ನಲ್ ಹುಡುಕಿಕೊಂಡು ಹಿಂದಿನ ಗುಡ್ಡ ಹತ್ತಿ, ಫೋನನ್ನು ತಲೆಯ ಮೇಲೆತ್ತಿ ನಿಲ್ಲುತ್ತಾರೆ. ಹತ್ತಿ ಇಳಿಯಲು ನಲವತ್ತು ನಿಮಿಷ, ದಿನಕ್ಕೆ ಎರಡು ಬಾರಿ.

ಇನ್ನು ಈ ಮಣ್ಣಿನ ಗುಡ್ಡೆಗಳು. ಕೂಲಿ ಕೊಡಲು ಎಷ್ಟು ಆಳ ಅಗೆದರು ಎಂದು ಎಂಜಿನಿಯರ್ ಅಳೆಯಬೇಕಲ್ಲ, ಅದಕ್ಕೆ ಗುಂಡಿಯಲ್ಲಿ ಅಲ್ಲಲ್ಲಿ ಹಳೆಯ ನೆಲವನ್ನು ಅಗೆಯದೆ ಕಂಬದಂತೆ ಬಿಡುತ್ತಾರೆ. ಅದರ ನೆತ್ತಿಯಿಂದ ಬುಡದವರೆಗೆ ಟೇಪು ಹಿಡಿದರೆ ಅಳತೆ ಸಿಕ್ಕಿತು. ಮೊದಲ ಹನ್ನೆರಡು ದಿನದ ಕೆಲಸ ಮುಗಿದಾಗ ಐದು ಗುಡ್ಡೆ ನೆಟ್ಟಗೆ ನಿಂತಿದ್ದವು. ನಾಳೆ ಬರುತ್ತೇನೆ ಎಂದ ಎಂಜಿನಿಯರ್ ಮೂರು ವಾರ ಬರಲಿಲ್ಲ. ಮೊದಲು ಮೀಟಿಂಗ್, ಆಮೇಲೆ ಜೀಪ್ ರಿಪೇರಿ, ಆಮೇಲೆ ಮತ್ತೆ ಮೀಟಿಂಗ್. ಅಳತೆ ಆಗದೆ ಮುಂದಿನ ಹನ್ನೆರಡು ದಿನದ ಕೆಲಸ ತೆರೆಯುವಂತಿಲ್ಲ. ಬೇರೆಲ್ಲೂ ಕೆಲಸವಿಲ್ಲದ ನಲವತ್ತೊಂದು ಜನ, ಅರ್ಧ ಅಗೆದ ಕಟ್ಟೆಯ ದಡದಲ್ಲಿ ಕೂತು ದಾರಿ ನೋಡಿದರು.

ಎಂಜಿನಿಯರಿಗಿಂತ ಮೊದಲು ಭರಣಿ ಮಳೆ ಬಂತು. ಬೆಳಗಾಗುವಷ್ಟರಲ್ಲಿ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಹೊಸದಾಗಿ ಅಗೆದ ಕಟ್ಟೆಯ ಮೊದಲ ನೀರನ್ನು ಕುರಿಗಳೇ ಕುಡಿಯಬೇಕು, ಅಲ್ಲಿಯವರೆಗೆ ಮನುಷ್ಯರು ಕಾಲಿಡಬಾರದು ಎಂಬುದು ಈ ಹಟ್ಟಿಯ ವಾಡಿಕೆ. ಕೆಲಸಕ್ಕೆ ಬರುವವರಲ್ಲೇ ಹಿರಿಯರಾದ ಗುಡ್ಡಪ್ಪ ಬಂದು, ಮೇಟ್ ನೀನೇ, ನೀನೇ ಕುರಿ ಹೊಡಿ ಎಂದು ಕೋಲು ಕೊಟ್ಟರು. ದೇವಿಕಾ ಮುಂಚೂಣಿಯ ಟಗರಿಗೆ ಅರಿಶಿನ ಹಚ್ಚಿ ಕಟ್ಟೆಗೆ ಇಳಿಸಿದರು. ಹಿಂದೆಯೇ ಇನ್ನೂರ ಎಪ್ಪತ್ತು ಕುರಿ. ಎತ್ತರ ಕಂಡಲ್ಲಿ ಹತ್ತುವುದು ಮರಿಗಳ ಸ್ವಭಾವ. ನೆನೆದು ಮೆತ್ತಗಾಗಿದ್ದ ಐದೂ ಗುಡ್ಡೆ ಅರ್ಧ ಗಂಟೆಯಲ್ಲಿ ಕೆಸರಾದವು. ದಡದ ಮೇಲಿದ್ದ ಅಷ್ಟೂ ಜನ ಅದನ್ನು ನೋಡುತ್ತಾ ಖುಷಿಯಿಂದ ನಿಂತಿದ್ದರು.

“ಒಬ್ಬರಿಗೂ ಹೊಳೀಲಿಲ್ಲ ಸರ್. ನನಗೂ ಹೊಳೀಲಿಲ್ಲ. ಕುರಿ ನೀರು ಕುಡಿಯೋದು ನೋಡ್ತಾ ನಿಂತ್ರೆ ನಮಗೆ ಬ್ಯಾರೆ ಏನೂ ಕಾಣಾಕಿಲ್ಲ,” ಎನ್ನುವಾಗ ದೇವಿಕಾ ಹಣೆ ಚಚ್ಚಿಕೊಳ್ಳುತ್ತಾರೆ.

ನಾಲ್ಕನೇ ದಿನಕ್ಕೆ ನೀರು ಇಂಗಿತು. ಐದನೇ ದಿನಕ್ಕೆ ಸರಿಯಾಗಿ ಎಂಜಿನಿಯರ್ ಬಂದರು. ಗುಡ್ಡೆಗಳೆಲ್ಲಿ ಎಂದು ಕೇಳಿದರು. ಕುರಿ ತುಳಿದವು ಎಂದರು ದೇವಿಕಾ. ಎಂಜಿನಿಯರ್ ನಗಲಿಲ್ಲ, ಬೈಯಲೂ ಇಲ್ಲ, ‘ಅಳತೆಗೆ ಆಧಾರವಿಲ್ಲ’ ಎಂದು ಬರೆದು ಜೀಪ್ ಹತ್ತಿದರು. ನಲವತ್ತೊಂದು ಜನ ಹನ್ನೆರಡು ದಿನ ಕಿತ್ತು ಹೊತ್ತ ಮಣ್ಣು ದಡದ ಮೇಲೆ ಗುಡ್ಡವಾಗಿ ಬಿದ್ದಿದೆ, ಕಣ್ಣಿದ್ದವರು ಯಾರು ಬೇಕಾದರೂ ನೋಡಬಹುದು. ಆದರೆ ಕಾಗದದ ಪ್ರಕಾರ ಅಲ್ಲಿ ಯಾರೂ ಏನೂ ಅಗೆದಿಲ್ಲ. ಮುಂಗಾರು ಹಿಡಿಯುವ ಮೊದಲು ಉಳಿದರ್ಧ ಅಗೆಯದಿದ್ದರೆ ಕಟ್ಟೆ ಮತ್ತೆ ತುಂಬಿಹೋಗುತ್ತದೆ ಎಂಬುದೂ ಕಾಗದದಲ್ಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಹಟ್ಟಿಯಲ್ಲಿ ಯಾರೂ ದೇವಿಕಾರನ್ನು ಬೈಯಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ನೋವಾಯಿತಂತೆ. ಕೋಲು ಹಿಡಿದವಳು ನಾನೇ ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಒಲೆ ಮುಂದೆ ಕೂತು ಫೋನಿನ ಫೋಟೊಗಳನ್ನು ಒಂದೊಂದೇ ಸರಿಸುತ್ತಿದ್ದಾಗ ಕೈ ನಿಂತಿತು. ಮೊದಲ ದಿನದ ಫೋಟೊದಲ್ಲಿ ಬೋಳುಬಂಡೆ ಗುಡ್ಡಪ್ಪನ ಮೊಣಕಾಲಿಗೆ ಬರುತ್ತಿತ್ತು. ಆರನೇ ದಿನ ಸೊಂಟಕ್ಕೆ. ಹನ್ನೆರಡನೇ ದಿನ ಎದೆಗೆ. ಗುಡ್ಡಪ್ಪ ಅದೇ ಗುಡ್ಡಪ್ಪ, ಬಂಡೆ ಅದೇ ಬಂಡೆ, ಇಳಿದದ್ದು ನೆಲ. ಮೊಂಡು ಫೋನು ದಿನವೂ ಅಲ್ಲೇ ನಿಲ್ಲಿಸಿದ್ದರಿಂದ ಇಪ್ಪತ್ತನಾಲ್ಕು ಫೋಟೊಗಳಲ್ಲಿ ಆಳ ದಾಖಲಾಗಿತ್ತು. ಓಡಿಹೋಗಿ ನೋಡಿದರೆ ಬಂಡೆಯ ಮೇಲೂ ಹಳೆಯ ನೆಲದ ಕೆಮ್ಮಣ್ಣಿನ ಗೆರೆ ಅಳಿಸದೆ ಉಳಿದಿತ್ತು.

ಆಮೇಲೆ ಬಸ್ಸು. ನಾಲ್ಕು ಸಲ ಕಚೇರಿಗೆ ಅಲೆದರು. ಒಬ್ಬರು ಫೋಟೊ ಪ್ರಿಂಟ್ ತನ್ನಿ ಎಂದರು, ಇನ್ನೊಬ್ಬರು ಪ್ರಿಂಟ್ ನಡೆಯಲ್ಲ ಎಂದರು. ಬಂಡೆಯಿಂದ ಅಳೆಯಲು ನಮೂನೆಯಲ್ಲಿ ಜಾಗವಿಲ್ಲ ಎಂದು ಮೂರನೆಯವರು ತಲೆ ಕೆರೆದುಕೊಂಡರು. ಐದನೇ ಸಲ ದೇವಿಕಾ ಒಬ್ಬರೇ ಹೋಗಲಿಲ್ಲ. ಎಂಬತ್ತರ ಹತ್ತಿರದ ಗುಡ್ಡಪ್ಪನನ್ನು ಕರೆದೊಯ್ದು, ಎಂಜಿನಿಯರ್ ಮೇಜಿನ ಪಕ್ಕ ನಿಲ್ಲಿಸಿ, ಫೋಟೊ ತೋರಿಸಿ, ಈ ಮೊಣಕಾಲು ಇವರದೇ, ಈ ಎದೆಯೂ ಇವರದೇ, ಅಳೆದ್ಕಳ್ರಿ ಎಂದರಂತೆ. ಎಂಜಿನಿಯರ್ ಕೊನೆಗೂ ನಕ್ಕರು. ಮರುದಿನ ಬಂದು ಬಂಡೆಗೆ ಟೇಪು ಹಿಡಿದರು. ಕೆಲಸ ಮತ್ತೆ ತೆರೆಯಿತು.

ಎಂಟು ಗಂಟೆಗೆ ಎಲ್ಲರೂ ಬಂಡೆಯ ಪಕ್ಕ ಸಾಲಾಗುತ್ತಾರೆ. ಗುಡ್ಡಪ್ಪ ಈಗ ಹೇಳಿಸಿಕೊಳ್ಳದೆ ಬಂಡೆಗೆ ಒತ್ತಿಕೊಂಡು, ಟೋಪಿ ತೆಗೆದು, ಎದೆಯುಬ್ಬಿಸಿ ನಿಲ್ಲುತ್ತಾರೆ. ಫೋಟೊ ಹಿಡಿದಾದ ಮೇಲೆ, ಇಷ್ಟೆಲ್ಲ ಗೆದ್ದಿರಲ್ಲ, ಈಗ ಸಮಾಧಾನವೇ ಎಂದು ದೇವಿಕಾರನ್ನು ಕೇಳಿದೆ. ಅವರ ಮುಖ ಗಂಟಿಕ್ಕಿತು. ಬಂಡೆಯ ಬುಡ ಓರೆಯಾಗಿದೆ ಎಂದು ಎಂಜಿನಿಯರ್ ಎರಡು ಇಂಚು ಕಡಿಮೆ ಬರೆದುಕೊಂಡರಂತೆ. ಎರಡು ಅಡಿ ಹತ್ತು ಇಂಚು. ಎಷ್ಟು ಹೇಳಿದರೂ ಕೇಳಲಿಲ್ಲವಂತೆ.

ದೇವಿಕಾ ಸೊಂಟದಿಂದ ಟೇಪು ತೆಗೆದು ನನ್ನ ಕೈಗಿಟ್ಟರು. ಹಳೆಯ ನೆಲದ ಗೆರೆಯಿಂದ, ಅಂದು ಕೆಲಸ ನಿಂತ ಮಟ್ಟಕ್ಕೆ ಅವರು ಉಳಿಯಲ್ಲಿ ಕೊರೆದಿಟ್ಟ ಗುರುತಿನವರೆಗೆ ನಾನೇ ಹಿಡಿದು ನೋಡಿದೆ. ಮೂರಡಿ. ಕೂದಲೆಳೆಯಷ್ಟೂ ಕಡಿಮೆ ಇಲ್ಲ.

“ಎರಡಿಂಚು ಅಂದ್ರೆ ಇಡೀ ಕಟ್ಟೆ ಅಗಲಕ್ಕೂ ಎರಡಿಂಚು ಸರ್. ಎಷ್ಟು ಬಾಣಲಿ ಹೊತ್ತಿದ್ವಿ ಗೊತ್ತೇನು? ಅವರ ಬುಕ್ಕು ನಾನು ತಿದ್ದಾಕಾಗಲ್ಲ,” ಎಂದು ನನ್ನ ನೋಟ್‌ಬುಕ್ ಕಡೆ ಬೆರಳು ತೋರಿಸಿದರು. “ನೀವು ಪೇಪರ್‌ನಾಗೆ ಮೂರಡಿ ಅಂತ್ಲೇ ಬರೀರಿ.”