ಸವುಳು ಬಾವಿಯ ಮುಂದೆ ನಮ್ಮ ಮಾವ

ನಮ್ಮ ಮಾವನವರು ಏನನ್ನೇ ನೋಡಲಿ, ಬಲಗಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಹೆಬ್ಬೆರಳನ್ನು ಮುಂದೆ ಹಿಡಿದೇ ನೋಡುತ್ತಿದ್ದರು. ಬೈಲಹೊಂಗಲದ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಡಿದ ರೊಟ್ಟಿಯನ್ನೂ ಹಾಗೆಯೇ ಅಳೆದು, "ಈ ಕಡೆ ಚೂರ ಉಬ್ಬೈತಿ ನೋಡವಾ" ಎಂದಿದ್ದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ದಾರಿಯ ಬಾವಿಗಳನ್ನು ತೋರಿಸುವ ನಕ್ಷೆ ಮಾಡಬೇಕೆಂಬುದು ಅವರ ಹಟ. ಯಾವುದು ಸಿಹಿನೀರು, ಯಾವುದು ಸವುಳು ಎಂದು ತಾವೇ ಕುಡಿದು ನೋಡಿ ಬಂದಿದ್ದರು. "ಎಲ್ಲಾರಿಗೂ ಮುಕ್ತ ಇರೋ ತಂತ್ರಾಂಶನ ಬೇಕವಾ. ನಾ ಹೋದ ಮ್ಯಾಲ ಬಾವಿ ಬತ್ತಿದ್ರ ತಿದ್ದಾವ್ರು ಬ್ಯಾರೇದವ್ರು" ಎಂದರು. ಅಂಥವೆರಡನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟೆ. ಒಂದು ನಕ್ಷೆಗೆಂದೇ ಮಾಡಿದ್ದು, ನೋಡಲು ಗಂಟುಮುಖದ್ದು. ಇನ್ನೊಂದು ಚಿತ್ರ ಬಿಡಿಸುವಂಥದ್ದು. ಡ್ರಾಯಿಂಗ್ ಮಾಸ್ತರರು ಯಾವುದಕ್ಕೆ ಮರುಳಾಗಬೇಕು? ಬಣ್ಣ ಕಂಡದ್ದೇ ಎರಡನೆಯದಕ್ಕೆ ಒಲಿದರು. ಸಿಹಿನೀರಿಗೆ ನೀಲಿ ಚುಕ್ಕಿ, ಸವುಳಿಗೆ ಕೆಂಪು ಚುಕ್ಕಿ. ಪರದೆಯ ಮೇಲೆ ನೋಡಲು ಎರಡು ಕಣ್ಣು ಸಾಲದು.

ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರತಿ ತೆಗೆಸಿ ಊರೂರಿಗೆ ಹಂಚಿದೆವು. ಎರಡೂ ಚುಕ್ಕಿ ಒಂದೇ ಬೂದು ಬಣ್ಣವಾದದ್ದು ನಮ್ಮ ಕಣ್ಣಿಗೆ ಬಿದ್ದದ್ದು, ನಾವೂ ಗುಡ್ಡಕ್ಕೆ ಹೊರಟು ಉಗರಗೋಳದ ಹತ್ತಿರ ಬಂದಾಗ. ಸವುಳು ಬಾವಿಯ ಮುಂದೆ ಚಕ್ಕಡಿಗಳ ಸಾಲು. ಬಕೀಟು ಮೂಸಿದ ಎತ್ತುಗಳು ಮುಖ ತಿರುಗಿಸುತ್ತಿದ್ದವು.

ಮಾವನವರು ರಸ್ತೆಗಿಳಿದು ಒಂದೊಂದು ಚಕ್ಕಡಿಗೂ ಕೈಮುಗಿದರು. "ಮುಂದ ನಡೀರಿ, ಇದು ಸವುಳ ಐತಿ. ನಕ್ಷಾ ತಪ್ಪೈತ್ರಿ, ಮಾಡಿದಾಂವ ನಾನ." ಅಷ್ಟರಲ್ಲಿ ದೊಡವಾಡದಿಂದ ನನ್ನ ತವರಿನವರ ಚಕ್ಕಡಿ ಬರಬೇಕೆ! ದೊಡ್ಡವ್ವ ಮೇಲಿನಿಂದಲೇ, "ಯವ್ವಾ, ಇವರು ನಿಮ್ಮ ಮಾವಾರ ಅಲ್ಲೇನ?" ಎಂದು ಕೂಗಿದಳು. ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, "ಸಾಕ ಬರ್ರಿ ಮಾವಾರ, ಮಂದಿ ಮುಂದ ಮಾನಾ ಹೋಗತೈತಿ" ಎಂದು ಅವರ ಅಂಗಿ ಜಗ್ಗಿದೆ.

"ಎತ್ತ ನೀರಡಿಸಿ ನಿಂತಾವವಾ. ಮಾನಾ ಆಮ್ಯಾಲ ನೋಡೂಣು" ಎಂದು ಮುಂದಿನ ಚಕ್ಕಡಿಗೆ ಹೋದರು.

ಮನೆಗೆ ಬಂದವರೇ ಗಂಟುಮುಖದ ತಂತ್ರಾಂಶ ತೆರೆದರು. ಮುದ್ರಿಸುವ ಮೊದಲೇ ನಕ್ಷೆಯನ್ನು ಕಪ್ಪು-ಬಿಳುಪಿನಲ್ಲಿ ತೋರಿಸುವ ಅನುಕೂಲ ಅದರಲ್ಲಿತ್ತು. ಈ ಸಲ ಸಿಹಿಗೆ ಗುಂಡು, ಸವುಳಿಗೆ ಕತ್ತರಿ ಗುರುತು. "ನನ್ನ ನಕ್ಷಾ ಇನ್ಯಾರ ನಂಬತಾರ?" ಎಂಬ ಕೊರಗು ಮಾತ್ರ ಹೋಗಲಿಲ್ಲ. ಹೊಸ ನಕ್ಷೆಯನ್ನು ಹಂಚುವ ಮೊದಲೇ ತೀರಿಕೊಂಡರು.

ಹಂಚಲು ನಾನೇ ಹೋದೆ. ಸಿರಸಂಗಿಯ ಅಜ್ಜನೊಬ್ಬ ಕಾಗದ ತಿರುವಿ ನೋಡಿ, "ಉಗರಗೋಳದಾಗ ತಪ್ಪಾತಂತ ಕೈಮುಗದ ನಿಂತಿದ್ರಲ್ಲ, ಆ ಮಾಸ್ತರ ಮಾಡಿದ್ದನ ಇದು?" ಎಂದ. ತಲೆ ತಗ್ಗಿಸಿ ಹೌದೆಂದೆ.

"ಹಂಗಾರ ಖರೇನ ಇರತೈತಿ, ಕೊಡ್ರಿ" ಎಂದು ಮಡಚಿ ಕಿಸೆಗಿಟ್ಟುಕೊಂಡ. ಮಾನ ಹೋಗುತ್ತದೆ ಎಂದವಳು ನಾನು. ಅಜ್ಜನ ಮುಖ ನೋಡಲಾಗಲಿಲ್ಲ.